ರಾತ್ರಿ ಪಾಳಿಯ ಬ್ಯಾಟ್ರಿ

ಶಿರಹಟ್ಟಿ ಸೀಮೆಯಲ್ಲಿ ಕೊಳವೆಬಾವಿ ಇರುವ ರೈತ ಯಾವಾಗ ಮಲಗಬೇಕು, ಯಾವಾಗ ಏಳಬೇಕು ಎಂಬುದನ್ನು ವಿದ್ಯುತ್ ಕಂಪನಿ ಹೆಸ್ಕಾಂನ ಪಾಳಿ ಹೇಳುತ್ತದೆ. ಪಂಪ್‌ಸೆಟ್ಟುಗಳಿಗೆ ದಿನಕ್ಕೆ 7 ತಾಸು ಮೂರು ಫೇಸ್ ವಿದ್ಯುತ್ ಎಂಬುದು ರಾಜ್ಯದ ನೀತಿ. ಆ ಏಳು ತಾಸು ಇಡಿಯಾಗಿ ಹಗಲಿನಲ್ಲೇ ಸಿಗುವುದು ಅಪರೂಪ. ಒಂದಿಷ್ಟು ಹಗಲಿಗೆ, ಉಳಿದದ್ದು ರಾತ್ರಿಗೆ ಹಂಚಿಹೋಗುತ್ತದೆ. 2023ರ ಬರದಲ್ಲಂತೂ ಅದು ಐದು ತಾಸಿಗೆ ಇಳಿದಿತ್ತು. ಊರಿನೊಳಗಿನ ಮನೆಗಳಿಗೆ ಬೇರೆ ಫೀಡರ್ ಇರುವುದರಿಂದ ಅಡುಗೆಮನೆಯಲ್ಲಿ ದೀಪ ಉರಿಯುತ್ತಿರುತ್ತದೆ, ಹೊಲದಲ್ಲಿ ಕತ್ತಲೆ.

ಮೊಬೈಲಿನಿಂದಲೇ ಮೋಟರು ಚಾಲೂ ಮಾಡುವ ಸ್ಟಾರ್ಟರುಗಳು ಬಂದಿವೆ. ಆದರೆ ನೀರು ತಿರುವಲು ಮೊಬೈಲಿಗೆ ಕೈಯಿಲ್ಲ. ಒಂದು ಮಡಿ ತುಂಬಿದ ಮೇಲೆ ಸಲಿಕೆಯಿಂದ ಮಣ್ಣು ಸರಿಸಿ ಇನ್ನೊಂದು ಮಡಿಗೆ ಬಿಡಬೇಕು, ಒಡ್ಡು ಒಡೆದಿದ್ದರೆ ಕಟ್ಟಬೇಕು, ಪೈಪಿನ ಜಾಯಿಂಟು ಬಿಚ್ಚಿಕೊಂಡಿದ್ದರೆ ಜೋಡಿಸಬೇಕು. ಉಳ್ಳಾಗಡ್ಡಿ, ಮೆಣಸಿನಕಾಯಿ, ಗೋವಿನಜೋಳ, ಬೇಸಿಗೆಯ ಶೇಂಗಾ, ಯಾವ ಬೆಳೆಯಾದರೂ ನೀರಿನ ಪಾಳಿ ತಪ್ಪಿದರೆ ಕಾಯುವುದಿಲ್ಲ. ಹಾಗಾಗಿ ರಾತ್ರಿ ಹನ್ನೊಂದಕ್ಕೋ ಎರಡಕ್ಕೋ ಎದ್ದು ಹೊರಡುವವನ ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಬ್ಯಾಟ್ರಿ. ಆ ಬ್ಯಾಟ್ರಿ ನೂರು ಇನ್ನೂರು ರೂಪಾಯಿಯ ಸಣ್ಣ ಎಲ್‌ಇಡಿ ಟಾರ್ಚು. ಪೇಟೆಯ ಜನಕ್ಕೆ ಅದು ಕರೆಂಟು ಹೋದಾಗ ಹುಡುಕುವ ವಸ್ತು. ಇಲ್ಲಿ ಅದು ಸಲಿಕೆಯ ಪಕ್ಕ ಇರುವ ಕೆಲಸದ ಸಾಮಾನು. ಸಲಿಕೆ ಕೊಳ್ಳುವಾಗ ಕಾವು, ಅಲಗು ಎಲ್ಲ ನೋಡಿ ಆರಿಸುವವರು ಬ್ಯಾಟ್ರಿ ಕೊಳ್ಳುವಾಗ ಮಾತ್ರ ಡಬ್ಬಿಯ ಮೇಲೆ ಬರೆದದ್ದನ್ನು ನಂಬಿಬಿಡುತ್ತಾರೆ. ಅದಕ್ಕಾಗಿಯೇ ಇಷ್ಟು ಬರೆಯಬೇಕಾಗಿದೆ.

ಮೊದಲು ಹಾವಿನ ಮಾತು, ಏಕೆಂದರೆ ಈ ಬೆಳಕಿನ ನಿಜವಾದ ಬೆಲೆ ತಿಳಿಯುವುದು ಅಲ್ಲಿ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿದು ಸತ್ತಿದ್ದಾರೆ ಎಂದು 2020ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ವರ್ಷಕ್ಕೆ ಸರಾಸರಿ 58,000. ಹೆಚ್ಚಿನವರು ಹಳ್ಳಿಗಳವರು, ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ನಾಗರ, ಕೊಳಕುಮಂಡಲ, ಗರಗಸ ಮಂಡಲ, ಕಟ್ಟುಹಾವು: ದೇಶದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವ ಈ ನಾಲ್ಕೂ ಬಯಲುಸೀಮೆಯ ಹಾವುಗಳೇ. ಶೇಂಗಾ ಹೊಲಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಕೊಳಕುಮಂಡಲ ಬರುತ್ತದೆ. ಗರಗಸ ಮಂಡಲವಂತೂ ಒಂದು ಗೇಣು ಒಂದೂವರೆ ಗೇಣಿನ ಹಾವು. ಮಸಾರಿ ಮಣ್ಣಿನ, ಕಲ್ಲುಗುಂಡಿನ ಬಣ್ಣದ್ದೇ ಮೈ. ಕತ್ತಲಾದ ಮೇಲೆ ಹೊರಗೆ ಬರುತ್ತದೆ. ಇವು ಓಡಿ ಬಂದು ಕಡಿಯುವುದಿಲ್ಲ. ಕಾಲು ಅವುಗಳ ಮೇಲೆ ಬೀಳುತ್ತದೆ, ಇಲ್ಲವೇ ತೀರ ಹತ್ತಿರ ಬೀಳುತ್ತದೆ. ಅಂದರೆ ತಪ್ಪಿಸಿಕೊಳ್ಳಲು ಬೇಕಾದದ್ದು ಮುಂದಿನ ನಾಲ್ಕೈದು ಹೆಜ್ಜೆ ಸ್ಪಷ್ಟವಾಗಿ ಕಾಣುವ ಬೆಳಕು. ಕಾಲಿಗೆ ಗಮ್‌ಬೂಟು, ಕೈಯಲ್ಲಿ ಬ್ಯಾಟ್ರಿ: ಇವೆರಡಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ. ಕಡಿದ ಮೇಲಿನ ಪ್ರತಿವಿಷ, ಆಸ್ಪತ್ರೆ, 108 ಎಲ್ಲವೂ ಬೇಕು. ಆದರೆ ಅವು ಎರಡನೆಯ ಸಾಲಿನವು.

ಹಿಂದಿನ ತಲೆಮಾರು ಹೊತ್ತಿದ್ದು ಬೇರೆ ಟಾರ್ಚು. ನ್ಯೂಯಾರ್ಕಿನಲ್ಲಿ ಡೇವಿಡ್ ಮಿಸೆಲ್ ಎಂಬಾತ ರೂಪಿಸಿದ ಕೈದೀಪಕ್ಕೆ 1899ರ ಜನವರಿಯಲ್ಲಿ ಪೇಟೆಂಟ್ ಸಿಕ್ಕಿತು. ಕಾನ್ರಾಡ್ ಹ್ಯೂಬರ್ಟನ ಕಂಪನಿ ಅದನ್ನು ಮಾರಿತು, ಅದೇ ಮುಂದೆ ಎವರೆಡಿಯಾಯಿತು. ಆ ಕಾಲದ ಸೆಲ್ಲು ಎಷ್ಟು ನಿಶ್ಶಕ್ತವೆಂದರೆ ದೀಪವನ್ನು ಹತ್ತಿಸಿ ಆರಿಸಿ, ಹತ್ತಿಸಿ ಆರಿಸಿ ಬಳಸಬೇಕಿತ್ತು. ಭಾರತದಲ್ಲಿ ಎವರೆಡಿ ಕಂಪನಿ 1934ರಲ್ಲಿ ನೋಂದಣಿಯಾಯಿತು. ನಂತರ ಅದು ಯೂನಿಯನ್ ಕಾರ್ಬೈಡ್ ಇಂಡಿಯಾ ಆಯಿತು. ನಮ್ಮ ಅಜ್ಜಂದಿರ ಕೈಯ ಟಾರ್ಚಿಗೆ ಸೆಲ್ಲು ಮಾಡುತ್ತಿದ್ದ ಅದೇ ಕಂಪನಿಯ ಕೀಟನಾಶಕ ಕಾರ್ಖಾನೆಯಿಂದ 1984ರ ಡಿಸೆಂಬರ್‌ನ ರಾತ್ರಿ ಭೋಪಾಲದಲ್ಲಿ ವಿಷಾನಿಲ ಸೋರಿತು. 1994ರಲ್ಲಿ ಕಂಪನಿ ಭಾರತೀಯ ಒಡೆತನಕ್ಕೆ ಬಂತು, ಸೆಲ್ಲಿನ ಹೆಸರು ಮಾತ್ರ ಉಳಿಯಿತು. ಆ ಕಾಲದ ಟಾರ್ಚೆಂದರೆ ಸ್ಟೀಲಿನದೋ ಹಿತ್ತಾಳೆಯದೋ ಕೊಳವೆ, ಒಳಗೆ ಎರಡು ಅಥವಾ ಮೂರು ದೊಡ್ಡ ಸೆಲ್ಲು, ಮುಂದೆ ಕಡಲೆಕಾಳಿನಷ್ಟು ಗಾಜಿನ ಬಲ್ಬು. ಎರಡು ಸೆಲ್ಲಿನ ಟಾರ್ಚು ಕೊಡುತ್ತಿದ್ದ ಬೆಳಕು ಸುಮಾರು ಹತ್ತು ಲ್ಯೂಮೆನ್ ಆಸುಪಾಸು. ಸೆಲ್ಲು ಸೋತಾಗ ಅದನ್ನು ಬಿಸಿಲಿಗೆ ಇಡುತ್ತಿದ್ದರು. ಅದು ಮೂಢನಂಬಿಕೆಯಲ್ಲ, ಕಾವಿಗೆ ಒಳಗಿನ ರಾಸಾಯನಿಕ ಕ್ರಿಯೆ ಸ್ವಲ್ಪ ಚುರುಕಾಗಿ ಒಂದೆರಡು ರಾತ್ರಿ ದೀಪ ಮತ್ತೆ ಏಳುತ್ತಿತ್ತು.

ಎಲ್‌ಇಡಿ ಇದನ್ನೆಲ್ಲ ಮಗುಚಿ ಹಾಕಿತು. ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು, ಆದರೆ ನೀಲಿ ಬಾರದೆ ಬಿಳಿ ಬೆಳಕು ಸಾಧ್ಯವಿರಲಿಲ್ಲ. ಜಪಾನಿನ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಾಕಾಮುರ ಇವರ ದುಡಿಮೆಯಿಂದ 1990ರ ದಶಕದ ಆರಂಭದಲ್ಲಿ ಪ್ರಕಾಶಮಾನವಾದ ನೀಲಿ ಎಲ್‌ಇಡಿ ಕೈಗೂಡಿತು. ಅದರ ಮೇಲೆ ಹಳದಿ ಹೊಳಪಿನ ಪುಡಿ ಬಳಿದರೆ ನೀಲಿಯೂ ಹಳದಿಯೂ ಕೂಡಿ ಬಿಳಿಯಾಗಿ ಕಾಣುತ್ತದೆ. ನಾಕಾಮುರ ಕೆಲಸ ಮಾಡುತ್ತಿದ್ದ ನಿಚಿಯಾ ಕಂಪನಿ 1996ರಲ್ಲಿ ಇಂಥ ಬಿಳಿ ಎಲ್‌ಇಡಿಯನ್ನು ಮಾರುಕಟ್ಟೆಗೆ ತಂದಿತು. 2014ರ ಭೌತಶಾಸ್ತ್ರದ ನೊಬೆಲ್ ಈ ಮೂವರಿಗೆ ಸಂದಿತು. ಆಮೇಲಿನದು ಬೆಲೆ ಇಳಿದ ಕತೆ. ಸರ್ಕಾರ ಮನೆಗಳಿಗೆ ಹಂಚಲು ಕೊಳ್ಳುತ್ತಿದ್ದ ಎಲ್‌ಇಡಿ ಬಲ್ಬಿನ ಖರೀದಿ ದರ 2014ರಲ್ಲಿ 310 ರೂಪಾಯಿ ಇದ್ದದ್ದು ಎರಡು ಮೂರು ವರ್ಷದಲ್ಲಿ 38 ರೂಪಾಯಿಗೆ ಬಂತು. ಗಾಜಿನ ಬಲ್ಬು ಒಂದು ವ್ಯಾಟ್ ತಿಂದು ಹತ್ತು ಹದಿನೈದು ಲ್ಯೂಮೆನ್ ಕೊಟ್ಟರೆ ಇಂದಿನ ಸಾಧಾರಣ ಎಲ್‌ಇಡಿ ನೂರು ಕೊಡುತ್ತದೆ. ಅಂಗೈಯಲ್ಲಿ ಮುಚ್ಚಿಹೋಗುವ ಟಾರ್ಚಿನಲ್ಲಿ ಅಜ್ಜನ ಟಾರ್ಚಿನ ಹತ್ತು ಪಟ್ಟು ಬೆಳಕಿರುವುದು ಹೀಗೆ.

ಇಷ್ಟು ನಿಜ. ಇದರ ಮೇಲೆ ಮಾರುವವರು ಕಟ್ಟಿದ ಲೆಕ್ಕ ನಿಜವಲ್ಲ. ಅಗ್ಗದ ಟಾರ್ಚಿನ ಡಬ್ಬಿಯ ಮೇಲೆ 10,000 ಲ್ಯೂಮೆನ್ ಎಂದು ಬರೆದಿರುತ್ತಾರೆ, ಪಕ್ಕದಲ್ಲೇ ಹತ್ತು ತಾಸು ಬಾಳಿಕೆ ಎಂದೂ ಇರುತ್ತದೆ. ಹತ್ತು ಸಾವಿರ ಲ್ಯೂಮೆನ್ನಿಗೆ ನೂರು ವ್ಯಾಟ್ ಬೇಕು. ಹತ್ತು ತಾಸಿಗೆ ಅದು ಸಾವಿರ ವ್ಯಾಟ್-ತಾಸು, ಅಂದರೆ ಮೀಟರಿನಲ್ಲಿ ಒಂದು ಯೂನಿಟ್. ಅಷ್ಟು ಕರೆಂಟಿನಲ್ಲಿ 5 ಎಚ್.ಪಿ. ಮೋಟರು ಸುಮಾರು ಕಾಲು ತಾಸು ನೀರೆತ್ತುತ್ತದೆ. ಅಷ್ಟನ್ನು ತುಂಬಿಟ್ಟುಕೊಳ್ಳಲು ಲಿಥಿಯಂ ಸೆಲ್ಲಾದರೆ ನಾಲ್ಕು ಕಿಲೋ ತೂಕದ್ದು ಬೇಕು. ಕಿಸೆಯಲ್ಲಿ ಕೂರುವ ಟಾರ್ಚಿನಲ್ಲಿ ಅದು ಎಲ್ಲಿಂದ ಬರಬೇಕು? ಸೆಲ್ಲಿನ ಮೇಲಿನ ಅಂಕಿಯಲ್ಲೂ ಇದೇ ಮೋಸ. ಈಗಿನ ಚಾರ್ಜಿಂಗ್ ಟಾರ್ಚುಗಳಲ್ಲಿ ಹೆಚ್ಚಾಗಿ ಇರುವುದು 18650 ಎಂಬ ಅಳತೆಯ ಲಿಥಿಯಂ ಸೆಲ್ಲು, 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ಹೆಸರಾಂತ ತಯಾರಕರ ಒಳ್ಳೆಯ ಸೆಲ್ಲಿನಲ್ಲೇ ಸುಮಾರು 3500 ಎಂಎಎಚ್‌ಗಿಂತ ಹೆಚ್ಚು ಹಿಡಿಸುವುದು ಕಷ್ಟ. 9900 ಎಂದು ಬರೆದಿದ್ದರೆ ಅದನ್ನು ಅಲ್ಲೇ ಇಟ್ಟು ಬನ್ನಿ. ಸುಳ್ಳು ಬರೆದವನು ಒಳಗಿನ ಸುರಕ್ಷತೆಯನ್ನೂ ಹಾಗೇ ಬಿಟ್ಟಿರುತ್ತಾನೆ.

ಸಾಚಾ ಲೆಕ್ಕ ಇಷ್ಟೇ. 2500 ಎಂಎಎಚ್‌ನ ಒಂದು ಸೆಲ್ಲಿನಲ್ಲಿ ಸುಮಾರು ಒಂಬತ್ತು ವ್ಯಾಟ್-ತಾಸು ಶಕ್ತಿ ಇರುತ್ತದೆ. ಒಂದು ವ್ಯಾಟಿನಲ್ಲಿ, ಅಂದರೆ ನೂರು ಲ್ಯೂಮೆನ್ ಆಸುಪಾಸಿನಲ್ಲಿ ಉರಿಸಿದರೆ ಏಳೆಂಟು ತಾಸು ಬರುತ್ತದೆ. ರಾತ್ರಿ ಪಾಳಿ ಮುಗಿದು ಮನೆ ಮುಟ್ಟುವವರೆಗೆ ಸಾಕು. ಅದನ್ನೇ ಅರ್ಧಕ್ಕೆ ಇಳಿಸಿದರೆ ಎರಡು ರಾತ್ರಿ. ಪೂರ್ತಿ ಜೋರಿನಲ್ಲಿ ಉರಿಸಿದರೆ ಕಣ್ಣು ಕುಕ್ಕುವ ಬೆಳಕು ಬರುತ್ತದೆ, ಟಾರ್ಚು ಕೈಯಲ್ಲಿ ಸುಡುತ್ತದೆ, ಒಂದು ತಾಸಿನಲ್ಲಿ ಖಾಲಿ.

ಇನ್ನು ದೂರದ ಪ್ರಶ್ನೆ. ಅಂಗಡಿಯ ಮುಂದೆ ನಿಂತು ಎದುರಿನ ನೀರಿನ ಟಾಕಿಯ ಮೇಲೆ ಬೆಳಕು ಬಿಟ್ಟು ನೋಡಿ ಟಾರ್ಚು ಆರಿಸುವುದು ನಮ್ಮಲ್ಲಿ ರೂಢಿ. ದೂರ ಹೋಗುವ ಬೆಳಕೆಲ್ಲ ಹೆಚ್ಚು ಬೆಳಕಲ್ಲ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ, ಬಾವಿಯ ನೀರು ಹೆಚ್ಚುವುದಿಲ್ಲ, ಬೆಳಕಿನದೂ ಹಾಗೇ. ಚೂಪು ಬೆಳಕಿನ ಟಾರ್ಚು ದೂರದ ಕಂಬವನ್ನು ತೋರಿಸುತ್ತದೆ, ಕಾಲಿನ ಎಡಬಲವನ್ನು ಕತ್ತಲಲ್ಲಿ ಬಿಡುತ್ತದೆ. ಒಡ್ಡಿನ ಮೇಲೆ ನಡೆಯುವವನಿಗೆ ಬೇಕಾದದ್ದು ಹರಡಿದ ಬೆಳಕು. ಅದೂ ತೀರ ಹೆಚ್ಚು ಬೇಡ. ಹುಣ್ಣಿಮೆಯ ಚಂದ್ರ ನೆಲಕ್ಕೆ ಕೊಡುವುದು ಕಾಲು ಲಕ್ಸ್‌ಗಿಂತ ಹೆಚ್ಚಲ್ಲ, ಆ ಬೆಳಕಲ್ಲೇ ಜನ ರಾಶಿ ಮಾಡಿದ ಕಾಲ ಇತ್ತು. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ತಾಸು ಹಿಡಿಯುತ್ತದೆ. ಒಮ್ಮೆ ಝಗ್ಗನೆ ಬಿಳಿ ಬೆಳಕು ಬಿದ್ದರೆ ಆ ಹೊಂದಾಣಿಕೆ ಕ್ಷಣದಲ್ಲಿ ಹಾಳು. ಆಮೇಲೆ ಬೆಳಕಿನ ವೃತ್ತದ ಹೊರಗೆ ಏನಿದ್ದರೂ ಕಾಣದು. ಆದ್ದರಿಂದ ಕಡಿಮೆ ಬೆಳಕಿನ ಗುಂಡಿ ಇರುವ ಟಾರ್ಚೇ ಹೊಲಕ್ಕೆ ಒಳ್ಳೆಯದು. ಮೂವತ್ತರಿಂದ ನೂರು ಲ್ಯೂಮೆನ್ ನಡೆಯಲು ಧಾರಾಳ.

ಹಿಡಿಯುವ ರೀತಿಯೂ ಮುಖ್ಯ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ತಲೆಗೆ ಕಟ್ಟಿಕೊಳ್ಳುವ ಬ್ಯಾಟ್ರಿ ಎರಡೂ ಕೈಯನ್ನು ಕೆಲಸಕ್ಕೆ ಬಿಡುತ್ತದೆ, ಹಾಲು ಕರೆಯುವಾಗ, ಜಾಯಿಂಟು ಬಿಗಿಯುವಾಗ ಅದಕ್ಕೆ ಸಮನಿಲ್ಲ. ಆದರೆ ಕಣ್ಣಿನ ನೇರದಿಂದಲೇ ಬೆಳಕು ಹೋಗುವುದರಿಂದ ನೆಲದ ಮೇಲಿನ ವಸ್ತುಗಳ ನೆರಳು ಅವುಗಳ ಹಿಂದೆಯೇ ಅಡಗುತ್ತದೆ, ನೆಲ ಸಪಾಟಾಗಿ ಕಾಣುತ್ತದೆ. ಟಾರ್ಚನ್ನು ಕೈಯಲ್ಲಿ ಮೊಳಕಾಲಿನ ಎತ್ತರಕ್ಕೆ ಇಳಿಸಿ ಹಿಡಿದು ನಡೆದರೆ ಸಣ್ಣ ಕಲ್ಲಿಗೂ ಉದ್ದ ನೆರಳು ಬೀಳುತ್ತದೆ. ಮಣ್ಣಿನ ಬಣ್ಣದ ಹಾವು ಬಣ್ಣದಿಂದ ಕಾಣದಿದ್ದರೂ ನೆರಳಿನಿಂದ ಕಾಣುತ್ತದೆ. ಬಣ್ಣದ ವಿಷಯದಲ್ಲೂ ಒಂದು ಮಾತು. ನೀಲಿ ಛಾಯೆಯ ತೀಕ್ಷ್ಣ ಬಿಳಿ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆ, ಹಾಗಾಗಿ ಮಸಾರಿ ಮಣ್ಣೂ ಕಂದು ಮೈಯೂ ಒಂದೇ ಬೂದಿಯಾಗಿ ತೋರಬಹುದು. ಹಳದಿ ಕಡೆಗೆ ವಾಲಿದ ಬೆಳಕು, 3000ದಿಂದ 4000 ಕೆಲ್ವಿನ್ ಎಂದು ಬರೆದಿರುವುದು, ಈ ವ್ಯತ್ಯಾಸವನ್ನು ಹೆಚ್ಚು ತೋರಿಸುತ್ತದೆ, ಹುಳುಹುಪ್ಪಡಿಯನ್ನೂ ಕಡಿಮೆ ಸೆಳೆಯುತ್ತದೆ. ನಮ್ಮ ಅಂಗಡಿಗಳಲ್ಲಿ ಇಂಥದು ಸಿಗುವುದು ಕಡಿಮೆ. ಗಿರಾಕಿ ಕೇಳಿದರೆ ತರಿಸುತ್ತಾರೆ, ಕೇಳಬೇಕು.

ಸೆಲ್ಲಿನ ಆಯ್ಕೆಯಲ್ಲಿ ಹಣ ಉಳಿಯುವುದೂ ಹೋಗುವುದೂ. ತೀರ ಅಗ್ಗದ ಟಾರ್ಚುಗಳಲ್ಲಿ ಮೂರು ಸಣ್ಣ ಎಎಎ ಸೆಲ್ಲುಗಳಿರುತ್ತವೆ. ಬಿಳಿ ಎಲ್‌ಇಡಿ ಹತ್ತಲು ಸುಮಾರು ಮೂರು ವೋಲ್ಟ್ ಬೇಕು. ಮೂರು ಸೆಲ್ಲು ಕೂಡಿದರೆ ನಾಲ್ಕೂವರೆ ವೋಲ್ಟ್ ಆಗುವುದರಿಂದ ಸರ್ಕಿಟ್ಟಿನ ಖರ್ಚೇ ಇಲ್ಲದೆ ನೇರ ಜೋಡಿಸಿಬಿಡುತ್ತಾರೆ. ಮೊದಲ ದಿನ ಪ್ರಖರ, ನಾಲ್ಕನೆಯ ದಿನ ಮಂಕು. ಎಎಎ ಸೆಲ್ಲಿನಲ್ಲಿ ಇರುವ ಶಕ್ತಿ ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ಲಿನ ಅರ್ಧಕ್ಕಿಂತ ಕಡಿಮೆ, ಬೆಲೆ ಮಾತ್ರ ಅಷ್ಟೇ. ಒಂದೇ ಎಎ ಸೆಲ್ಲಿನಿಂದ ವೋಲ್ಟೇಜನ್ನು ಏರಿಸಿಕೊಂಡು ಉರಿಯುವ ಪುಟ್ಟ ಸರ್ಕಿಟ್ಟಿರುವ ಟಾರ್ಚು ಸಿಕ್ಕರೆ ಐವತ್ತು ರೂಪಾಯಿ ಹೆಚ್ಚಾದರೂ ಕೊಳ್ಳಬೇಕು. ಅದರ ಸೆಲ್ಲು ಬೆಳ್ಳಟ್ಟಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಸಾಧಾರಣ ಸೆಲ್ಲಿನ ಹೊರಕವಚವೇ ಸತು, ಉರಿದಂತೆ ಅದೇ ಕರಗುತ್ತಾ ಹೋಗುತ್ತದೆ. ಆದ್ದರಿಂದ ಖಾಲಿ ಸೆಲ್ಲನ್ನು ಒಳಗೇ ಮರೆತರೆ ಸೋರಿ ಸ್ಪ್ರಿಂಗನ್ನು ತಿನ್ನುತ್ತದೆ.

ಎರಡು ಕಡ್ಡಿಯ ಪ್ಲಗ್ಗನ್ನು ಹೊರಗೆಳೆದು ಗೋಡೆಯ ಸಾಕೆಟ್ಟಿಗೆ ನೇರ ಚುಚ್ಚುವ ಟಾರ್ಚುಗಳನ್ನು ಕುರಿತು ಎಚ್ಚರದ ಮಾತು ಹೇಳಲೇಬೇಕು. ಅವುಗಳಲ್ಲಿ ಬಹಳಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಂದು ಕೆಪಾಸಿಟರ್ ಮೂಲಕ ಮನೆಯ 230 ವೋಲ್ಟನ್ನು ಇಳಿಸಿರುತ್ತಾರೆ. ಚಾರ್ಜಿಗೆ ಇಟ್ಟಾಗ ಒಳಗಿನ ಭಾಗಗಳೆಲ್ಲ ಲೈನಿಗೆ ಅಂಟಿಕೊಂಡೇ ಇರುತ್ತವೆ. ಪ್ಲಾಸ್ಟಿಕ್ ಸೀಳಿದ್ದರೆ, ಕೈ ಒದ್ದೆಯಿದ್ದರೆ ಅದು ಜೀವಕ್ಕೇ ಅಪಾಯ. ಚಾರ್ಜ್ ಆಗುತ್ತಿರುವಾಗ ಮುಟ್ಟಬಾರದು, ಗುಂಡಿ ಒತ್ತಬಾರದು, ಮಕ್ಕಳ ಕೈಗೆ ಎಟಕುವ ಸಾಕೆಟ್ಟಿಗೆ ಹಾಕಬಾರದು. ಅವುಗಳೊಳಗೆ ಇರುವುದು ಹೆಚ್ಚಾಗಿ ನಾಲ್ಕು ವೋಲ್ಟಿನ ಸೀಸದ ಬ್ಯಾಟರಿ. ಪೂರ್ತಿ ಖಾಲಿ ಮಾಡಿ ಹದಿನೈದು ದಿನ ಹಾಗೇ ಬಿಟ್ಟರೆ ಸೀಸದ ಫಲಕಗಳ ಮೇಲೆ ಗಟ್ಟಿ ಪದರ ಕೂತು ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಹೊಸ ಟಾರ್ಚು ಆರು ತಿಂಗಳಿಗೆ ಕೆಟ್ಟಿತೆಂದು ಜನ ಬಯ್ಯುವುದರ ಹಿಂದೆ ಅನೇಕ ಸಲ ಇದೇ ಕಾರಣ. ಮೊಬೈಲ್ ಚಾರ್ಜರಿನ ತಂತಿ ಹಿಡಿಸುವ, ಸೆಲ್ಲನ್ನು ಬಿಚ್ಚಿ ಬದಲಿಸಬಹುದಾದ ಲಿಥಿಯಂ ಟಾರ್ಚು ಇದಕ್ಕಿಂತ ಮೇಲು. ಸೆಲ್ಲಿನ ಮೇಲೆ ಐಎಸ್ 16046 ಗುರುತು ಇದೆಯೇ ನೋಡಿ, ಅದು ಭಾರತೀಯ ಮಾನಕದ ಸುರಕ್ಷತಾ ಪರೀಕ್ಷೆಯ ಸಂಖ್ಯೆ. ಜೊತೆಗೆ ಮಳೆ ತಡೆಯುವುದಕ್ಕೆ ಐಪಿಎಕ್ಸ್4 ಗುರುತು, ಕೈಗೆ ಸಿಕ್ಕಿಸುವ ದಾರ, ಕೆಸರಿನಲ್ಲಿ ಬಿದ್ದರೆ ಕಾಣುವ ಹಳದಿಯೋ ಕಿತ್ತಳೆಯೋ ಬಣ್ಣ. ಕರಿಯ ಟಾರ್ಚು ಎರಿ ಹೊಲದಲ್ಲಿ ಬಿದ್ದರೆ ಬೆಳಗಾಗುವವರೆಗೆ ಸಿಗದು. ಗುಂಡಿ ಒತ್ತಿದಾಗಲೆಲ್ಲ ಮಿಣಕ್ ಮಿಣಕ್ ಎನ್ನುವ ಹಂತ ದಾಟಿಯೇ ಆರಬೇಕಾದ ಟಾರ್ಚು ನನ್ನ ಮಟ್ಟಿಗೆ ಬೇಡ.

ಮೊಬೈಲಿನಲ್ಲೇ ಟಾರ್ಚಿದೆಯಲ್ಲ ಎನ್ನುವವರಿದ್ದಾರೆ. ಮನೆಯೊಳಗೆ ಸರಿ. ನಡುರಾತ್ರಿ ಹೊಲದಲ್ಲಿ ಏನಾದರೂ ಆದರೆ 108ಕ್ಕೆ ಕರೆ ಮಾಡಬೇಕಾದದ್ದು ಅದೇ ಮೊಬೈಲು. ಅದರ ಚಾರ್ಜನ್ನು ದಾರಿ ನೋಡಲು ಸುಡಬಾರದು, ಕೆಸರಿನ ಕೈಯಲ್ಲಿ ಅದನ್ನು ಹಿಡಿದು ಒಡ್ಡು ದಾಟಬಾರದು. ರೈತನಷ್ಟೇ ಅಲ್ಲ, ಕತ್ತಲೆಯಲ್ಲಿ ಬಯಲಿಗೆ, ಕೊಟ್ಟಿಗೆಗೆ, ಹಿತ್ತಲಿಗೆ ಹೋಗುವ ಹೆಂಗಸರ ಕೈಗೂ ಅವರದೇ ಒಂದು ಬ್ಯಾಟ್ರಿ ಬೇಕು. ಮನೆಗೆ ಒಂದು ಇದ್ದರೆ ಅದು ಗಂಡಸಿನ ಜೊತೆ ಹೊಲಕ್ಕೆ ಹೋಗಿರುತ್ತದೆ. ನೆಲದ ಮೇಲೆ ಮಲಗುವ ಮನೆಯಲ್ಲಿ ದಿಂಬಿನ ಪಕ್ಕ ಒಂದಿರಲಿ. ಕಟ್ಟುಹಾವು ರಾತ್ರಿ ಮನೆಯೊಳಗೇ ಬರುತ್ತದೆ, ಅದರ ಕಡಿತ ನೋಯುವುದೇ ಇಲ್ಲ ಎನ್ನುವಷ್ಟು ಕಡಿಮೆ.

ಬೆಳಕು ಬೇಡವಾದವರೂ ಈ ಸೀಮೆಯಲ್ಲಿದ್ದಾರೆ. ಶಿರಹಟ್ಟಿಯ ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಸಾವಿರಾರು ಸಂಖ್ಯೆಯಲ್ಲಿ ಬರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣವಾಯಿತು. ಹಗಲೆಲ್ಲ ನೀರಿನಲ್ಲಿ ಕಳೆಯುವ ಹಕ್ಕಿಗಳು ಕತ್ತಲಾದ ಮೇಲೆ ಸುತ್ತಲಿನ ಹೊಲಗಳಿಗೆ ಇಳಿದು ಮೇಯುತ್ತವೆ. ಆ ಹೊತ್ತಿಗೆ ದೂರ ಬೀಳುವ ಟಾರ್ಚು ಹಿಡಿದು ಹಿಂಡಿನ ಮೇಲೆ ಬೆಳಕು ಬಿಟ್ಟು ಎಬ್ಬಿಸುವುದು ಮೋಜಿನಂತೆ ಕಾಣಬಹುದು, ಅಷ್ಟು ದೂರ ಹಾರಿ ಬಂದ ಹಕ್ಕಿಯ ಮೇವಿನ ಹೊತ್ತನ್ನು ಅದು ಕಸಿಯುತ್ತದೆ. 2019ರಿಂದ ವನ್ಯಜೀವಿಧಾಮವಾಗಿರುವ ಕಪ್ಪತಗುಡ್ಡದ ಅಂಚಿನಲ್ಲಿ ಮಾತು ಬೇರೆ. ಅಲ್ಲಿ ಚಿರತೆ, ಕತ್ತೆಕಿರುಬ, ಕಾಡುಹಂದಿ ಇವೆ. ಕಡಕೋಳದ ಕಡೆಯ ಹೊಲ ಕಾಯುವವರಿಗೆ ಹರಡಿದ ಬೆಳಕಿನ ಜೊತೆ ದೂರ ನೋಡುವ ಒಂದು ಟಾರ್ಚು ನ್ಯಾಯವಾಗಿಯೇ ಬೇಕು. ಹೊಳೆಯುವ ಕಣ್ಣನ್ನು ನೂರು ಹೆಜ್ಜೆ ಮೊದಲೇ ಕಂಡರೆ ಇಬ್ಬರಿಗೂ ಕ್ಷೇಮ.

ಅದೇ ಗುಡ್ಡದ ಸಾಲಿನ ಮೇಲೆ ರಾತ್ರಿಯಿಡೀ ಗಾಳಿಯಂತ್ರಗಳು ವಿದ್ಯುತ್ ಮಾಡುತ್ತಿರುತ್ತವೆ. ಕೆಳಗೆ ರೈತ ಕರೆಂಟು ಬರುವ ಹೊತ್ತಿಗೆ ಕಾಯುತ್ತಾ ಕತ್ತಲಲ್ಲಿ ನಡೆಯುತ್ತಾನೆ. ಇದನ್ನು ಟಾರ್ಚು ಸರಿಮಾಡದು. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಒಂದು ಭಾಗದಲ್ಲಿ ಕೃಷಿ ಫೀಡರುಗಳನ್ನೇ ಸೌರವಿದ್ಯುತ್ತಿಗೆ ಜೋಡಿಸಲು ಅವಕಾಶವಿದೆ. ಸೂರ್ಯನಿಂದ ಬರುವ ಕರೆಂಟು ಹಗಲೇ ಬರಬೇಕಲ್ಲವೇ? ಶಿರಹಟ್ಟಿಯಂಥ ಬಿಸಿಲಿನ ತಾಲ್ಲೂಕುಗಳ ಫೀಡರುಗಳು ಆ ಪಟ್ಟಿಯಲ್ಲಿ ಮೊದಲು ಇರಬೇಕು ಎಂದು ಕೇಳುವ ಹಕ್ಕು ರಾತ್ರಿ ನೀರು ಹಾಯಿಸಿದವರೆಲ್ಲರಿಗೂ ಇದೆ.

ಖಾಲಿ ಸೆಲ್ಲನ್ನು ಒಡ್ಡಿನ ಮೇಲೆ ಎಸೆಯುವ ಅಭ್ಯಾಸ ನಿಲ್ಲಬೇಕು. ಬಳಸಿದ ಬ್ಯಾಟರಿಗಳನ್ನು ವಾಪಸು ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹಾಕಿವೆ. ಪಟ್ಟಣ ಪಂಚಾಯಿತಿಯೋ ಮಾರುವ ಅಂಗಡಿಯವರೋ ಸಂತೆಯ ದಿನ ಒಂದು ಡಬ್ಬಿ ಇಟ್ಟರೂ ಸಾಕು, ಜನ ತಂದು ಹಾಕುತ್ತಾರೆ. ಮತ್ತೆ, ಎರಡನೆಯ ಟಾರ್ಚೊಂದು ಮೋಟರಿನ ಸ್ಟಾರ್ಟರ್ ಡಬ್ಬಿಯ ಪಕ್ಕದ ಗೂಟಕ್ಕೆ ನೇತಾಡುತ್ತಿರಲಿ. ಕೈಯಲ್ಲಿದ್ದದ್ದು ಆರಿದ ಹೊತ್ತಿನಲ್ಲಿ ಒದ್ದೆ ಕೈಯಿಂದ ಕತ್ತಲಲ್ಲಿ ಸ್ಟಾರ್ಟರ್ ತಡಕುವ ಗಳಿಗೆ ಬರಬಾರದು. ಅದಕ್ಕೆ ಒಂದು ಹೊಸ ಅಲ್ಕಲೈನ್ ಸೆಲ್ಲು ಹಾಕಿ, ಸೆಲ್ಲಿಗೂ ಸ್ಪ್ರಿಂಗಿಗೂ ನಡುವೆ ಪ್ಲಾಸ್ಟಿಕ್ ಹಾಳೆಯ ತುಣುಕೊಂದನ್ನು ತುದಿ ಹೊರಗೆ ಬರುವಂತೆ ಸಿಕ್ಕಿಸಿಡಿ. ಬೇಕಾದಾಗ ಎಳೆದರೆ ಹತ್ತುತ್ತದೆ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಆ ಸೆಲ್ಲು ಬದಲಿಸಿ.